ಗಾಳಿ ಬರುವ ಪುಟ

ಮನೆಯಿಂದ,
ಹನ್ನೊಂದನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಮೊದಲು ನಿನ್ನ ಕುತ್ತಿಗೆ ನೋವಿನ ವಿಚಾರ. ಮೇಜಿನ ಮೇಲೆ ಬಗ್ಗಿ ಚಿತ್ರ ಬರೆಯಬೇಡ, ಹಲಗೆಯನ್ನು ಓರೆಯಾಗಿ ಎತ್ತರಿಸಿಕೋ ಎಂದು ಎರಡು ಸಲ ಹೇಳಿದ್ದೇನೆ. ನೀನು ಹೂಂ ಎಂದಿದ್ದೀಯ, ಎತ್ತರಿಸಿರಲಿಕ್ಕಿಲ್ಲ. ಉಬ್ಬಸ ಮತ್ತೆ ಕಾಣಿಸಿಕೊಂಡಿಲ್ಲ ತಾನೇ? ಐದನೇ ವಯಸ್ಸಿನಲ್ಲಿ ನಿನ್ನನ್ನು ಕಾಡುತ್ತಿದ್ದ ಆ ಉಬ್ಬಸ ಹೋದದ್ದು ತಾನು ಕೊಟ್ಟ ಬಿಸಿನೀರಿನ ಹಬೆಯಿಂದಲೇ ಎಂದು ನಿನ್ನ ಅಮ್ಮ ಇವತ್ತಿಗೂ ಬೀಗುತ್ತಾಳೆ. ಆ ಪಾತ್ರೆಯನ್ನು ಅಟ್ಟಕ್ಕೆ ಹಾಕಲೂ ಬಿಡುವುದಿಲ್ಲ. ಅವಳ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಉಳಿದಂತೆ ಗಟ್ಟಿಯಾಗಿದ್ದಾಳೆ. ನನ್ನದು ಕಾಗದದ ಕಾರ್ಖಾನೆಯ ಬಾಯ್ಲರ್ ಮನೆಯ ಸದ್ದಿನಲ್ಲಿ ಮೂವತ್ತೊಂದು ವರ್ಷ ಕಳೆದ ಕಿವಿ. ಎಡಗಡೆಯದು ಈಗ ಪೂರ್ತಿ ರಜೆಯ ಮೇಲಿದೆ. ನಿನ್ನ ಅಮ್ಮ ಬೈಯುವುದರಲ್ಲಿ ಅರ್ಧ ಮಾತ್ರ ಕೇಳಿಸುವುದರಿಂದ ಸಂಸಾರಕ್ಕೆ ಅನುಕೂಲವೇ ಆಗಿದೆ.

ನೀನು ಕೇಳಿದ್ದ ವರದಿ ಇದು. ಎರಡನೇ ಮುದ್ರಣಕ್ಕೆ ಮುಂಚೆ ನಿನ್ನ ‘ಹೊಗೆಯ ಕಂಬಳಿ’ಯನ್ನು ಐದಾರು ವರ್ಷದ ಮಕ್ಕಳಿಗೆ ಓದಿ ಹೇಳಿ, ಅವರು ಅಂದದ್ದನ್ನು ಅಂದ ಹಾಗೇ ಬರೆದು ಕಳಿಸು, ಬಣ್ಣ ಹಚ್ಚಬೇಡ, ಪ್ರೆಸ್ಸಿನವರು ತಿಂಗಳ ಕೊನೆಯವರೆಗೆ ಕಾಯುತ್ತಾರೆ ಎಂದಿದ್ದೆ. ಬಣ್ಣ ಹಚ್ಚುವುದು ನಿನ್ನ ಕಸುಬು, ನನ್ನದಲ್ಲ. ಶಿಫ್ಟ್ ಮುಗಿದಾಗ ಲಾಗ್ ಪುಸ್ತಕದಲ್ಲಿ ಉಗಿಯ ಒತ್ತಡ ಇಷ್ಟು, ನೀರಿನ ಮಟ್ಟ ಇಷ್ಟು ಎಂದು ಬರೆದು ಸಹಿ ಹಾಕಿದ ಕೈ ಇದು. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ನಾನು ಫೋನು ಹಿಡಿದರೆ ನಿನ್ನ ಅಮ್ಮ ಪಕ್ಕದಲ್ಲಿ ನಿಂತು ನಾನು ಹೇಳಬೇಕಾದದ್ದನ್ನೆಲ್ಲ ತಾನೇ ಹೇಳಿ ಮುಗಿಸುತ್ತಾಳೆ, ಮತ್ತು ಈ ವರದಿಯಲ್ಲಿ ಅವಳಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಒಂದು ಮಗು ನನ್ನನ್ನು ಒಂದು ಪ್ರಶ್ನೆ ಕೇಳಿತು. ಉತ್ತರ ಗೊತ್ತಿದ್ದೂ ನಾನು ಹೇಳಲಿಲ್ಲ. ಈ ಪತ್ರ ಮುಗಿಯುವುದರೊಳಗೆ ಅದನ್ನು ನಿನಗಾದರೂ ಹೇಳಬೇಕು ಅಂದುಕೊಂಡು ಕೂತಿದ್ದೇನೆ.

ಓದಿದ್ದು ಹೊಳೆಯಾಚೆಯ ಶಾಲೆಯಲ್ಲಿ. ನಮ್ಮ ಕಡೆಯ ಶಾಲೆಗೇ ಹೋಗಬಹುದಿತ್ತು. ಅಲ್ಲಿ ಪುಸ್ತಕಗಳಿಗೆ ಬೀರು ಸಾಲದೆ ಕಿಟಕಿಯ ಮೇಲೆ ಪೇರಿಸಿಟ್ಟಿದ್ದಾರೆ. ಆಚೆಯ ಟೀಚರಮ್ಮ ಮಾತ್ರ “ನಮ್ಮ ಮಕ್ಕಳಿಗೂ ಯಾರಾದ್ರೂ ಓದಿ ಹೇಳಿದ್ರೆ ಎಷ್ಟು ಚೆನ್ನಾಗಿರತ್ತೆ, ನನ್ನ ಗಂಟಲು ಕೈ ಕೊಟ್ಟಿದೆ” ಎಂದರು. ಕಾಲುಸೇತುವೆ ದಾಟಿ ಎಡಕ್ಕೆ ತಿರುಗಿದರೆ ಒಂದೇ ಕೋಣೆ, ಮೇಲೆ ತಗಡು. ಹತ್ತೂವರೆಯ ಹೊತ್ತಿಗೆ ತಗಡು ಕಾದು ಟಕ್ ಟಕ್ ಎನ್ನಲು ಶುರುವಾಗುತ್ತದೆ. ಈ ವರ್ಷದ ಸೆಕೆಗೆ ಹನ್ನೊಂದಕ್ಕೆಲ್ಲ ಶಾಲೆ ಬಿಡುತ್ತಾರೆ. ಇಪ್ಪತ್ತಾರು ಮಕ್ಕಳಿಗೆ ಒಂದು ಟೇಬಲ್ ಫ್ಯಾನು. ಇವತ್ತು ಅದರ ಮುಂದೆ ಕೂತ ಸಾಲು ನಾಳೆ ಕಟ್ಟಕಡೆಗೆ ಹೋಗಬೇಕು, ಮಿಕ್ಕವರು ಒಂದೊಂದು ಸಾಲು ಮುಂದಕ್ಕೆ ಬರಬೇಕು. ಈ ಕಾನೂನಿನ ಮುಂದೆ ಯಾರ ಹೊಟ್ಟೆನೋವೂ ನಡೆಯುವುದಿಲ್ಲ. ಗೋಡೆಯ ಮೇಲೆ ಎರಡು ವರ್ಷದ ಹಿಂದಿನ ನೆರೆಯ ಕೆಸರುಗೆರೆ ಇದೆ. ಆಮೇಲೆ ಸುಣ್ಣ ಬಳಿದಾಗಲೂ ಅದನ್ನು ಬಿಟ್ಟು ಬಳಿದಿದ್ದಾರೆ, ಏಕೆಂದರೆ ಮಕ್ಕಳು ತಮ್ಮ ಎತ್ತರ ನೋಡಿಕೊಳ್ಳುವುದು ಅದರ ಪಕ್ಕ ನಿಂತು. ತಲೆ ಗೆರೆಯನ್ನು ದಾಟಿದರೆ ದೊಡ್ಡವರಾದರು ಎಂದರ್ಥ. ಹಾಗೆ ದೊಡ್ಡವರಾದವರು ಆ ಕೋಣೆಯಲ್ಲಿ ಸದ್ಯಕ್ಕೆ ಏಳು ಜನ.

ಮೊದಲ ಬುಧವಾರ ಓದುವಾಗ ಒಂದು ಎಡವಟ್ಟಾಯಿತು. ಬಿಸಿಲೆಂದು ನಾನು ನನ್ನ ಹಳೆಯ ನೀಲಿ ಟೋಪಿ ಹಾಕಿಕೊಂಡು ಹೋಗಿದ್ದೆ. ನಿನ್ನ ಕಥೆ ನಿನಗೆ ಗೊತ್ತೇ ಇದೆ, ಆದರೂ ನಾನು ಮಕ್ಕಳಿಗೆ ಹೇಳಿದ್ದು ಹೀಗೆ. ಹೊಳೆಯ ಈಚೆ ಒಂದು ದೊಡ್ಡ ಯಂತ್ರ. ನೀಲಿ ಟೋಪಿಯವನು ಅದಕ್ಕೆ ಕಲ್ಲಿದ್ದಲು ತಿನ್ನಿಸುತ್ತಾನೆ. ಈಚೆಯವರಿಗೆ ದೀಪ, ಫ್ಯಾನು, ಬೇಕಾದ್ದೆಲ್ಲ ಸಿಗುತ್ತದೆ. ಹೊಗೆ ಮೇಲೇರಿ ಭೂಮಿಗೆ ಕಂಬಳಿ ಹೊದಿಸುತ್ತದೆ, ಭೂಮಿ ಬೆವರುತ್ತದೆ, ಮಳೆಯ ತಲೆ ಕೆಡುತ್ತದೆ, ಹೊಳೆ ಉಕ್ಕುತ್ತದೆ. ಮುಳುಗುವುದು ಮಾತ್ರ ಯಂತ್ರವನ್ನೇ ಕಾಣದ ಆಚೆಯವರ ಮನೆಗಳು. ಕೊನೆಗೆ ಕೆಂಪು ರಿಬ್ಬನ್ನಿನ ಹುಡುಗಿ ಮಕ್ಕಳನ್ನೆಲ್ಲ ಕಟ್ಟಿಕೊಂಡು ಯಂತ್ರದ ಮುಂದೆ ಹೋಗಿ ಹಾಡುತ್ತಾಳೆ, ಟೋಪಿಯವನು ಹೆದರಿ ಓಡಿಹೋಗುತ್ತಾನೆ, ಚಿಮಣಿಯಲ್ಲಿ ಹೂವು ಅರಳುತ್ತದೆ. ನಾನು ಹೂವಿನ ಪುಟಕ್ಕೆ ಬರುವಷ್ಟರಲ್ಲಿ ಯಾರೂ ಪುಸ್ತಕ ನೋಡುತ್ತಿರಲಿಲ್ಲ, ಎಲ್ಲರೂ ನನ್ನ ತಲೆ ನೋಡುತ್ತಿದ್ದರು. ಮೂರನೇ ಸಾಲಿನಿಂದ ಒಬ್ಬಳು ಎದ್ದು ಬಂದಳು. ಆರು ವರ್ಷ ಇರಬಹುದು, ಮುಂದಿನ ಎರಡು ಹಲ್ಲಿಲ್ಲ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಟೋಪಿಯವನ ಚಿತ್ರವನ್ನು ನನ್ನ ಮುಖದ ಪಕ್ಕ ಹಿಡಿದು, ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿದಳು. ವರ್ಷಕ್ಕೊಮ್ಮೆ ನಮ್ಮ ಬಾಯ್ಲರ್ ತಪಾಸಣೆಗೆ ಬರುತ್ತಿದ್ದ ಅಧಿಕಾರಿಯೂ ಹಾಗೇ ನೋಡುತ್ತಿದ್ದ. ಅವತ್ತಿನಿಂದ ನಾನು ಅವಳನ್ನು ಇನ್ಸ್‌ಪೆಕ್ಟರ್ ಎನ್ನುತ್ತೇನೆ, ಅವಳು ಆಕ್ಷೇಪಿಸಿಲ್ಲ. “ತಾತ, ಓಡ್ಹೋದವ್ರು ನೀವೇನಾ?” ಎಂದು ಕೇಳಿದಳು. ಇಲ್ಲಮ್ಮ, ನಾನು ಸೇತುವೆ ಮೇಲೆ ನಡ್ಕೊಂಡೇ ಬಂದೆ ಎಂದೆ. ಕೋಣೆಯೆಲ್ಲ ನಕ್ಕಿತು, ಅವಳು ನಗಲಿಲ್ಲ.

ನಾನೂ ಅಷ್ಟೇನೂ ನಗಲಿಲ್ಲ. ಮನೆಗೆ ಬಂದು ಆ ಪುಟವನ್ನು ಕನ್ನಡಿಯ ಮುಂದೆ ಹಿಡಿದು ನೋಡಿದೆ. ಮೀಸೆ ತೆಗೆದಿದ್ದೀಯ, ಹೊಟ್ಟೆ ಸ್ವಲ್ಪ ಸೇರಿಸಿದ್ದೀಯ, ಆದರೆ ಕಿವಿ ನನ್ನವೇ. ನಿನ್ನ ಅಮ್ಮನಿಗೆ ತೋರಿಸಿದೆ. ಅವಳು “ಕಿವಿ ಇನ್ನೂ ದೊಡ್ಡದಾಗಿ ಬರೀಬೇಕಿತ್ತು” ಎಂದು ಒಳಗೆ ಹೋದಳು. ಬೇಕೆಂದೇ ಬರೆದೆಯೋ, ಕೈ ತಾನಾಗಿ ಬರೆಯಿತೋ ನಾನು ಕೇಳುವುದಿಲ್ಲ. ನನಗೆ ಬೇಸರವಾದದ್ದು ನಿಜ. ಆ ಟೋಪಿಯವನು ಕಲ್ಲಿದ್ದಲು ಹಾಕಿದ್ದರಿಂದ ಕಾರ್ಖಾನೆಯಲ್ಲಿ ಕಾಗದವಾಯಿತು, ಆ ಕಾಗದದ ನೋಟುಪುಸ್ತಕಗಳಲ್ಲೇ ನೀನು ಮೊದಲ ಚಿತ್ರ ಗೀಚಿದ್ದು. ಇದನ್ನು ಹೇಳಿ ನಿನ್ನ ಬಾಯಿ ಮುಚ್ಚಿಸಬೇಕೆಂಬ ಒಂದು ಉತ್ತರವನ್ನು ಎರಡು ದಿನ ಮನಸ್ಸಿನಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದೆ. ಆಮೇಲೆ ಎರಡನೇ ಬುಧವಾರ ಬಂತು, ಅದು ಉಪಯೋಗಕ್ಕೆ ಬರಲಿಲ್ಲ. ಆ ಕೆಂಪು ರಿಬ್ಬನ್ ನೋಡಿ ಇನ್ನೊಂದೂ ನೆನಪಾಯಿತು. ಐದು ವರ್ಷದವಳಿದ್ದಾಗ ನಿನ್ನ ಹೊಸ ಕೆಂಪು ರಿಬ್ಬನ್ ಕಾಣೆಯಾಗಿ ನೀನು ಒಂದು ವಾರ ಅತ್ತಿದ್ದೆ, ನಿನ್ನ ಅಮ್ಮ ಮಂಚದ ಕೆಳಗೆಲ್ಲ ಹುಡುಕಿದ್ದಳು.

ಎರಡನೇ ಸಲ ಟೋಪಿಯನ್ನು ಮನೆಯಲ್ಲೇ ಬಿಟ್ಟು ಹೋದೆ. ಪ್ರಯೋಜನವಾಗಲಿಲ್ಲ, “ಟೋಪಿ ತಾತ ಬಂದ್ರು” ಎಂದೇ ಬಾಗಿಲು ತೆರೆದರು. ನೀನು ಕೇಳಿದ್ದೆಯಲ್ಲ, ಇಷ್ಟು ಸಣ್ಣ ಮಕ್ಕಳಿಗೆ ನ್ಯಾಯ ಅನ್ಯಾಯದ ಭಾಗ ಅರ್ಥವಾಗುತ್ತದೆಯೇ ಎಂದು. ಅದರ ಬಗ್ಗೆ ಚಿಂತೆ ಬಿಡು. ಭೂಮಿ ಬೆವರುವುದೇ ಅವರ ತಲೆಗೆ ಅಷ್ಟಾಗಿ ಹತ್ತಲಿಲ್ಲ, ಭೂಮಿಗೆ ಕಂಕುಳು ಎಲ್ಲಿದೆ ಎಂದು ಒಬ್ಬ ಕೇಳಿದ. ನ್ಯಾಯ ಮಾತ್ರ ಮೊದಲ ಸಲಕ್ಕೇ ಹತ್ತಿತು. “ಕಂಬಳಿ ಮಾಡಿದವ್ರು ಆ ಕಡೆಯೋರು, ಸೆಕೆ ನಮಗ್ಯಾಕೆ?” ಎಂದು ಮುಂದಿನ ಸಾಲಿನವನು ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಒಬ್ಬಳು ಫ್ಯಾನಿನ ಕಾನೂನು ತೆಗೆದಳು. “ಫ್ಯಾನ್ ಮುಂದೆ ಕೂತೋರು ನಾಳೆ ಹಿಂದೆ ಹೋಗ್ಬೇಕು. ಆ ಕಡೆಯೋರು ಯಾವಾಗ ಹಿಂದೆ ಹೋಗ್ತಾರೆ?” ಟೀಚರಮ್ಮ ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ. ಇದನ್ನು ಹಾಗೇ ಬರೆದಿದ್ದೇನೆ, ಒಂದು ಅಕ್ಷರ ನನ್ನದಲ್ಲ. ನಿನ್ನ ಪುಸ್ತಕದ ಹದಿನಾರು ಪುಟದಲ್ಲಿ ಇಷ್ಟು ಚೆನ್ನಾಗಿ ಹೇಳಿಲ್ಲ ಎಂದರೆ ಬೇಸರಪಟ್ಟುಕೊಳ್ಳಬೇಡ, ನಿನಗೆ ಒಂದು ಟೇಬಲ್ ಫ್ಯಾನಿಗೆ ಇಪ್ಪತ್ತಾರು ಜನ ಕಾದು ಕೂತು ಗೊತ್ತಿಲ್ಲ.

ಆಮೇಲೆ ಒಂಬತ್ತನೇ ಪುಟ. ನೀನು ಕೆನ್ನೆ ಉಬ್ಬಿಸಿದ ಗಾಳಿಯ ಚಿತ್ರ ಬರೆದು, “ಗಾಳಿ ಬಂತು, ಬೂದಿಯನ್ನೆಲ್ಲ ಹೊತ್ತು ಹೊಳೆಯಾಚೆ ಚೆಲ್ಲಿತು” ಎಂದು ಬರೆದಿದ್ದೀಯ. ಇನ್ಸ್‌ಪೆಕ್ಟರ್ ಕೈ ಎತ್ತಿದಳು. ಅವಳ ಅಜ್ಜಿ ಹೊಳೆಯ ದಡದಲ್ಲಿ ಬಟ್ಟೆ ಒಗೆದು ಒಣಗಿಸಿ ಮನೆಮನೆಗೆ ಕೊಡುತ್ತಿದ್ದವಳು. ಗಾಳಿಯ ವಿಚಾರದಲ್ಲಿ ಅಂಥವರ ಮಾತು ತಳ್ಳಿಹಾಕುವಂಥದ್ದಲ್ಲ. “ಪುಸ್ತಕ ತಪ್ಪು ತಾತ. ಗಾಳಿ ಎರಡೂ ಕಡೆ ಬೀಸ್ತಿತ್ತಂತೆ. ಆ ಕಡೆ ಬೀಸಿದಾಗ ಹೊಗೆ ಬೆಳ್ಳಗಿರ್ತಿತ್ತಂತೆ. ನಮ್ಮ ಕಡೆ ಬೀಸಿದಾಗ್ಲೇ ಕಪ್ಪಗೆ ಬೂದಿ ಬರ್ತಿತ್ತಂತೆ. ಅಜ್ಜಿ ಒಗೆದದ್ದನ್ನೇ ಮತ್ತೆ ಒಗೀತಿದ್ಳಂತೆ. ಗಾಳಿಗೆ ಹೇಗೆ ಗೊತ್ತಾಗ್ತಿತ್ತು?” ಕೇಳಿ ಕೂತುಕೊಂಡಳು. ನಿಜ ಹೇಳುತ್ತೇನೆ, ಮೂವತ್ತೊಂದು ವರ್ಷದಲ್ಲಿ ಯಾವ ಅಧಿಕಾರಿಯೂ ಕೇಳದಿದ್ದ ಪ್ರಶ್ನೆ ಅದು. ಅವರೆಲ್ಲ ಒತ್ತಡದ ಮುಳ್ಳು ನೋಡಿ, ಸಹಿ ಹಾಕಿ, ಟೀ ಕುಡಿದು ಹೋಗುತ್ತಿದ್ದರು. ನಾನು ನೀರು ಕುಡಿದೆ, ಮುಂದಿನ ವಾರ ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಮುಂದಿನ ಬುಧವಾರ ಹೋಗಲಿಲ್ಲ. ಕಾಲು ನೋವು ಎಂದು ಹೇಳಿ ಕಳಿಸಿದೆ. ಮೊಣಕಾಲು ನೋವಿರುವುದು ನಿನ್ನ ಅಮ್ಮನಿಗೆ, ಅದನ್ನು ಎರವಲು ಪಡೆದೆ. ಅದರ ಮುಂದಿನ ಬುಧವಾರವೂ ಹೋಗುವ ಮನಸ್ಸಿರಲಿಲ್ಲ. ಆದರೆ ಟೀಚರಮ್ಮ ಒಂದು ಚೀಟಿ ಕಳಿಸಿದರು. “ಮಕ್ಕಳು ನಿಮ್ಮ ಕುರ್ಚಿಯನ್ನು ಫ್ಯಾನಿನ ಮುಂದೆ ಹಾಕಿ ಕಾಯುತ್ತಿದ್ದಾರೆ. ನಿಮಗೆ ಸರದಿ ಇಲ್ಲವಂತೆ, ಅತಿಥಿಯಂತೆ” ಎಂದು ಬರೆದಿದ್ದರು. ಹೊರಟೆ. ಸೇತುವೆಯ ಅರ್ಧದಲ್ಲಿ ಇನ್ಸ್‌ಪೆಕ್ಟರಳ ತಾಯಿ ಕಂಬಿ ಹಿಡಿದು ನಿಂತಿದ್ದಳು. ಮಗಳನ್ನು ಶಾಲೆಗೆ ಬಿಟ್ಟು ಈಚೆ ಹೊಲಿಗೆ ಕೆಲಸಕ್ಕೆ ಬರುವವಳು. ಅಲ್ಲಿ ದಿನಾ ಒಂದು ನಿಮಿಷ ನಿಲ್ಲುತ್ತಾಳಂತೆ, ಸೇತುವೆಯ ಏರು ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತದಂತೆ, ಚೀಲದಲ್ಲಿ ಔಷಧಿಯ ಪಂಪು ಇಟ್ಟುಕೊಂಡಿರುತ್ತಾಳಂತೆ. “ಚಿಕ್ಕಂದಿನಿಂದ ಇದೆ, ಅಭ್ಯಾಸ ಆಗೋಗಿದೆ ಬಿಡಿ” ಎಂದಳು. ವಯಸ್ಸು ಕೇಳಿದೆ. ನಿನ್ನದೇ ವಯಸ್ಸು, ಎರಡು ತಿಂಗಳು ಚಿಕ್ಕವಳು.

ಮೂರನೇ ಸಲ ಓದು ಮುಗಿದ ಮೇಲೆ ಯಾರೂ ನನ್ನ ಬಾಕಿ ಉತ್ತರ ಕೇಳಲಿಲ್ಲ. ಇನ್ಸ್‌ಪೆಕ್ಟರ್ ಕೂಡ ಕೇಳಲಿಲ್ಲ, ನೋಡುತ್ತಿದ್ದಳು ಅಷ್ಟೇ. ಮಕ್ಕಳಿಗೆ ಬೇಕಾಗಿದ್ದದ್ದು ಬೇರೆ. ಟೋಪಿಯವನು ಓಡಿಹೋಗಿ ಎಲ್ಲಿಗೆ ಹೋದ? ಊಟ ಎಲ್ಲಿ ಮಾಡಿದ? ಅವನ ಮನೆ ಈಚೆಯೋ ಆಚೆಯೋ? ಅವನು ಓಡಿದ ಮೇಲೆ ಯಂತ್ರದ ಒಳಗಿದ್ದ ಬೆಂಕಿಯನ್ನು ಯಾರು ಆರಿಸಿದರು? ಈ ಕೊನೆಯದು ಬಾಯ್ಲರ್ ಮನೆಯವನ ಪ್ರಶ್ನೆ, ನನಗೆ ಖುಷಿಯಾಯಿತು. ಮಾತು ಮರೆಸುವುದಕ್ಕೇ ಇರಬೇಕು, ನಮ್ಮಲ್ಲಿ ಹಾಗೆ ಯಾರೂ ಓಡಿಹೋಗುವ ಹಾಗಿರಲಿಲ್ಲ ಎಂದೆ. ಶಿಫ್ಟ್ ಮುಗಿದವನು ಬರುವವನಿಗೆ ಚಾರ್ಜ್ ಕೊಡಬೇಕು. ಎದುರು ನಿಂತು ಮೂರು ವಿಷಯ ಹೇಳಬೇಕು, ನಾನು ಏನು ಮಾಡಿದೆ, ಏನು ಉಳಿದಿದೆ, ನೀನು ಎಲ್ಲಿ ಕಣ್ಣಿಡಬೇಕು. ಬರುವವನು ಅದನ್ನು ತಿರುಗಿ ಹೇಳಬೇಕು. ಅವನು ತಿರುಗಿ ಹೇಳುವವರೆಗೆ ಇವನು ಬಾಗಿಲು ದಾಟಕೂಡದು, ಹೊರಗೆ ಮದುವೆಯೇ ಕಾಯುತ್ತಿರಲಿ. ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ ಅವತ್ತು ಫ್ಯಾನಿನ ಸಾಲಿನವರು ಹಿಂದಿನ ಸಾಲಿನವರಿಗೆ ಚಾರ್ಜ್ ಕೊಟ್ಟೇ ಎದ್ದರು. “ನಾನು ಗಾಳಿ ತಗೊಂಡೆ, ಸ್ವಲ್ಪ ಉಳಿದಿದೆ, ಆ ತಂತಿ ಮುಟ್ಬೇಡ” ಎಂದು ಒಬ್ಬ ಹೇಳಿದ. ಹಿಂದಿನವಳು ತಿರುಗಿ ಹೇಳಿದಳು.

ಹಾಗಾಗಿ ಕೊನೆಯ ಪುಟದ ಬಗ್ಗೆ ಇಪ್ಪತ್ತಾರು ಜನರ ತೀರ್ಮಾನ ಇದು. ಚಿಮಣಿಯ ಹೂವು ಇರಲಿ, ಚೆನ್ನಾಗಿದೆ. ಟೋಪಿಯವನು ಓಡುವುದು ಬೇಡ. ಇನ್ಸ್‌ಪೆಕ್ಟರ್ ಎದ್ದು ನಿಂತು ಹೇಳಿದ ಮಾತು, “ಚಾರ್ಜ್ ಕೊಡ್ದೆ ಅವ್ನು ಹೋಗೋ ಹಾಗಿಲ್ಲ. ನಮಗೇ ಕೊಡ್ಬೇಕು.” ಟೀಚರಮ್ಮ ಅದನ್ನು ಬೋರ್ಡಿನ ಮೇಲೆ ಬರೆಸಿದರು. ನಾನು ಅಲ್ಲಿಂದ ಎದ್ದು ಬರುವಾಗ ಇಪ್ಪತ್ತಾರು ಜನರೂ ನನ್ನ ಟೋಪಿಯಿಲ್ಲದ ತಲೆಯನ್ನೇ ನೋಡುತ್ತಿದ್ದರು ಎಂದು ನನಗೆ ಅನ್ನಿಸಿತು. ಅದು ನನ್ನ ಕಲ್ಪನೆಯೂ ಇರಬಹುದು, ಹನ್ನೊಂದು ಹೊಡೆದಿತ್ತು, ಅವರಿಗೂ ಮನೆಗೆ ಹೋಗುವ ಅವಸರವಿತ್ತು.

ಮೊದಲು ಅಂದುಕೊಂಡದ್ದನ್ನು ಇನ್ನೂ ಬರೆಯಲಿಲ್ಲ. ನಾಲ್ಕು ಹಾಳೆಯಾಯಿತು, ಸುತ್ತಿ ಸುತ್ತಿ ಅಲ್ಲಿಗೇ ಬಂದು ಪೆನ್ನು ನಿಲ್ಲುತ್ತಿದೆ. ನಿನ್ನ ಅಮ್ಮ ಎರಡು ಸಲ ಬಂದು ಇಷ್ಟುದ್ದ ಏನು ಬರೆಯುತ್ತಿದ್ದೀರಿ ಎಂದು ಇಣುಕಿದಳು. ವರದಿ ಎಂದೆ. ನಿನ್ನ ಯಜಮಾನರನ್ನು ಕೇಳಿದೆವೆಂದು ಹೇಳು. ಕುತ್ತಿಗೆ ಎತ್ತಿ ಕೆಲಸ ಮಾಡು, ಕಣ್ಣಿಗೆ ಬೆಳಕು ಸಾಲದಿದ್ದರೆ ಕಿಟಕಿ ಪಕ್ಕ ಕೂರು. ನಿನ್ನ ಕೈ ಸದಾ ಆಡುತ್ತಿರಲಿ, ನಿನ್ನ ಉಸಿರು ಹಗುರವಾಗಿರಲಿ ಎಂದು ಹಾರೈಸುವ,

ನಿನ್ನ ಅಪ್ಪ

ತಾ.ಕ.: ನಿನ್ನ ಅಮ್ಮ ಅಂಗಡಿಗೆ ಹೋದಳು, ಬರುವುದರೊಳಗೆ ಬರೆಯುತ್ತೇನೆ. ನಿನ್ನ ಕೆಂಪು ರಿಬ್ಬನ್ ಕಳೆದಿರಲಿಲ್ಲ. ನಾನೇ ಒಯ್ದು ಬಾಯ್ಲರ್ ಮನೆಯ ಮೇಲಿನ ಏಣಿಯ ಕಂಬಿಗೆ ಕಟ್ಟಿದ್ದೆ, ಗಾಳಿ ಯಾವ ಕಡೆಗೆ ಎಂದು ನೋಡಲು. ಚಿಮಣಿಗೆ ಹೋಗುವ ಮುಂಚೆ ಹೊಗೆ ದೊಡ್ಡ ಬಟ್ಟೆಚೀಲಗಳೊಳಗೆ ಹಾದು ಬೂದಿಯನ್ನು ಅಲ್ಲೇ ಬಿಡಬೇಕು. ಬೂದಿ ತುಂಬಿ ಚೀಲ ಕಟ್ಟಿಕೊಂಡರೆ ಬಾಯ್ಲರ್ ನಿಲ್ಲಿಸಿ ಶುಚಿ ಮಾಡಬೇಕು, ಇಲ್ಲವೇ ಪಕ್ಕದ ಕೊಳವೆಯ ಚಕ್ರ ತಿರುಗಿಸಿ ಹೊಗೆಯನ್ನು ಬೂದಿ ಸಮೇತ ಹೊರಗೆ ಬಿಡಬೇಕು. ನಿಲ್ಲಿಸಕೂಡದು ಎಂದು ಮೇಲಿನವರ ಅಪ್ಪಣೆಯಿತ್ತು. ಯಾವ ಹೊತ್ತಿನಲ್ಲಿ ಬಿಡಬೇಕೆಂದು ಅವರು ಹೇಳಿರಲಿಲ್ಲ, ಅದನ್ನು ಆರಿಸಿದವನು ನಾನು. ಧೂಳು ತಾಕಿದರೆ ನಿನಗೆ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ರಿಬ್ಬನ್ ನಮ್ಮ ಮನೆಯ ಕಡೆ ಹಾರುತ್ತಿದ್ದರೆ ಬೆಂಕಿ ತಗ್ಗಿಸಿ ಕಾಯುತ್ತಿದ್ದೆ. ಹೊಳೆಯ ಕಡೆ ತಿರುಗಿದ ಕೂಡಲೇ ಚಕ್ರ ತಿರುಗಿಸುತ್ತಿದ್ದೆ. ಹೊಸ ಚೀಲಗಳು ಬರುವವರೆಗೆ, ಆರು ವರ್ಷ. ಲಾಗ್ ಪುಸ್ತಕದಲ್ಲಿ ಒಂದು ಸಲವೂ ಬರೆಯಲಿಲ್ಲ, ಚಾರ್ಜ್ ಕೊಡುವಾಗ ಯಾರಿಗೂ ಹೇಳಲಿಲ್ಲ. ಸೇತುವೆಯ ಮೇಲೆ ನಿಲ್ಲುವವಳ ಉಸಿರಿಗೂ ಇದಕ್ಕೂ ಸಂಬಂಧ ಇದೆ ಎಂದು ಯಾರೂ ಹೇಳಲಾರರು, ಇಲ್ಲ ಎಂದು ನಾನು ಹೇಳಲಾರೆ. ನಿನ್ನ ಉಬ್ಬಸ ಹೋದದ್ದು ಬರೀ ಹಬೆಯ ಪಾತ್ರೆಯಿಂದಲ್ಲ ಎಂದು ನಿನ್ನ ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ನಾಡಿದ್ದು ಬಿಟ್ಟು ಅದರ ಮುಂದಿನ ಬುಧವಾರ ಟೋಪಿ ಹಾಕಿಕೊಂಡೇ ಹೋಗಿ ಮಕ್ಕಳಿಗೆ ಚಾರ್ಜ್ ಕೊಡುತ್ತೇನೆ. ರಿಬ್ಬನ್ ನಿನ್ನದಾದ್ದರಿಂದ ನಿನಗೆ ಮೊದಲು ತಿಳಿಯಲಿ ಎಂದು ಒಂದು ವಾರ ತಡ ಮಾಡಿದ್ದೇನೆ. ಒಂಬತ್ತನೇ ಪುಟದಲ್ಲಿ ಗಾಳಿಯನ್ನು ತೆಗೆದುಬಿಡು. ಆ ಜಾಗದಲ್ಲಿ ಒಂದು ಚಕ್ರ, ಚಕ್ರದ ಮೇಲೆ ಒಂದು ಕೈ ಬರೆ. ನನ್ನ ಕೈ ಹೇಗಿದೆ ಎಂದು ನಿನಗೆ ಗೊತ್ತು.